ಮೊದಲಿನವರ ಗುರುತು

ವಿನೆಗರ್, ಅದೇ ವಾಸನೆ, ಅರ್ಧ ವಿನೆಗರ್ ಅರ್ಧ ನೀರು, ಕನ್ನಡಿ ಒರೆಸುವ ಬಾಟಲಿಯನ್ನು ಇಲ್ಲಿಗೆ ಯಾರು ತಂದರು ಎಂದು ಮೊದಲು ಅವಳ ಮೂಗು ಕೇಳಿತು, ಆಮೇಲಷ್ಟೇ ತಾನೆಲ್ಲಿದ್ದೇನೆ ಎನ್ನುವುದು ಅವಳಿಗೆ ನೆನಪಾದದ್ದು — ಇದು ಹೋಟೆಲಲ್ಲ, ಆಸ್ಪತ್ರೆ, ಅವಳು ಯಾವ ರೂಮಿನ ಬಾಗಿಲಲ್ಲೂ ನಿಂತಿಲ್ಲ, ಎತ್ತರದ ಮೇಜಿನ ಮೇಲೆ ಎಡ ಮಗ್ಗುಲಾಗಿ ಮಲಗಿದ್ದಾಳೆ, ಮೊಣಕಾಲುಗಳು ಎದೆಯ ಹತ್ತಿರಕ್ಕೆ ಬಂದಿವೆ, ಸೊಂಟದಿಂದ ಕೆಳಗೆ ಬಟ್ಟೆಯಿಲ್ಲ, ಮೇಲೊಂದು ಹಸಿರು ಹೊದಿಕೆ, ಕೆಳಗೆ ಸ್ವಲ್ಪ ಅಲ್ಲಾಡಿದರೂ ಸರಸರ ಎನ್ನುವ ಕಾಗದದ ಹಾಸು. ತಣ್ಣಗನ್ನಿಸುತ್ತೆ ಅಮ್ಮ, ಚುರುಚುರು ಅಂದ್ರೂ ಅನ್ನಬಹುದು, ವಿನೆಗರಲ್ಲಿ ಅದ್ದಿದ ಈ ಹತ್ತಿ ಒಂದೆರಡು ನಿಮಿಷ ಹಾಗೇ ಒಳಗಿರಬೇಕು, ಆಮೇಲೆ ಕ್ಯಾಮೆರಾ ಹಾಕಿ ನೋಡ್ತೀನಿ, ಎಂದು ಬೆನ್ನ ಹಿಂದಿನಿಂದ ಡಾಕ್ಟರಮ್ಮ ಹೇಳಿದಳು, ಚಿಕ್ಕ ವಯಸ್ಸಿನವಳು, ಮಗಳಿದ್ದಿದ್ದರೆ ಇಷ್ಟಿರುತ್ತಿದ್ದಳೇನೋ, ಮಗಳ ವಯಸ್ಸಿನವಳ ಎದುರಿಗೆ ಇದನ್ನು ತೋರಿಸಿಕೊಂಡು ಮಲಗುವುದು, ಹೆತ್ತ ತಾಯಿಗೂ ತೋರಿಸದ ಜಾಗ, ತಾನೇ ನೋಡಿಕೊಂಡಿರದ ಜಾಗ. ಮುಖದ ಎದುರಿಗೆ ಗಾಜಿನ ಬಾಗಿಲಿನ ಕಪಾಟು, ಗಾಜನ್ನು ಅಡ್ಡಡ್ಡ ಒರೆಸಿದ್ದಾರೆ, ಮೇಲಿನಿಂದ ಕೆಳಕ್ಕೆ ಒರೆಸಬೇಕಿತ್ತು, ಗೆರೆ ಉಳಿದಿದೆ, ಆ ಗೆರೆಗಳ ಹಿಂದೆ, ಗಾಜಿನ ಆಳದಲ್ಲಿ, ಬೆನ್ನ ಹಿಂದಿರುವ ಕ್ಯಾಮೆರಾದ ಪರದೆ ಚಿಕ್ಕದಾಗಿ ಕಾಣುತ್ತಿದೆ, ಸದ್ಯಕ್ಕೆ ಅದರಲ್ಲಿ ಏನೂ ಇಲ್ಲ, ಬೂದಿ ಬಣ್ಣ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ, ಅಂಗೈಗೆ ಬೇಡ, ಇದಕ್ಕೆ ಬೇಕು. ಅವಳು ಕಣ್ಣನ್ನು ಗಾಜಿನ ಮೇಲೇ ಇಟ್ಟಳು.

ಗಾಜನ್ನು ನೇರ ನೋಡಿದರೆ ಏನೂ ಕಾಣುವುದಿಲ್ಲ, ಹೋಟೆಲಿಗೆ ಹೊಸದಾಗಿ ಸೇರಿದ ಹುಡುಗಿಯರಿಗೆ ಅವಳು ಮೊದಲ ದಿನವೇ ಹೇಳುವ ಮಾತು, ಓರೆಯಾಗಿ ನೋಡ್ರೇ, ಬೆಳಕಿಗೆ ಎದುರಾಗಿ ಬಗ್ಗಿ ನೋಡಿ, ಕಲೆ ತಾನಾಗೇ ಎದ್ದು ಬರುತ್ತೆ — ಇಷ್ಟು ವರ್ಷ ಅವಳು ಮಾಡಿದ ಕೆಲಸವೆಂದರೆ ಅದೇ, ಗುಡಿಸಿ ಒರೆಸಿ ಹಾಸಿಗೆ ಹಾಸಿ ಹುಡುಗಿಯರು ಹೊರಗೆ ಬಂದ ಮೇಲೆ ಒಳಗೆ ಹೋಗಿ, ಮೊದಲು ಇದ್ದವರ ಗುರುತು ಏನಾದರೂ ಉಳಿದಿದೆಯೇ ಎಂದು ಹುಡುಕುವುದು, ಬಚ್ಚಲ ಜಾಲರಿಯಲ್ಲಿ ಕೂದಲು, ಡ್ರಾಯರಿನ ಮೂಲೆಯಲ್ಲಿ ಮಾತ್ರೆಯ ಪಟ್ಟಿ, ದಿಂಬಿನ ಒಳಬಟ್ಟೆಯ ಮೇಲೆ ಬೇರೆಯವರ ನಿದ್ದೆಯ ಕಲೆ. ದುಡ್ಡು ಕೊಟ್ಟು ಬರುವವನಿಗೆ ಈ ಹಾಸಿಗೆಯಲ್ಲಿ ತನಗಿಂತ ಮುಂಚೆ ಯಾರೂ ಮಲಗಿಯೇ ಇಲ್ಲ ಅನ್ನಿಸಬೇಕು, ಸುಳ್ಳೇ, ಆದರೆ ಶುದ್ಧ ಸುಳ್ಳು, ಆ ಸುಳ್ಳಿನ ಮೇಲೇ ಹೋಟೆಲು ನಿಂತಿರುವುದು, ಮದುವೆಗಳೂ ಅಷ್ಟೇ ಎಂದು ಒಮ್ಮೆ ಹೇಳಿ ಹುಡುಗಿಯರನ್ನು ನಗಿಸಿದ್ದಳು, ತಾನು ಮಾತ್ರ ನಕ್ಕಿರಲಿಲ್ಲ. ಎಷ್ಟು ಒರೆಸಿದರೂ ಒಂದು ಉಳಿಯುತ್ತಿತ್ತು — ಬಚ್ಚಲಲ್ಲಿ ಬಿಸಿನೀರು ಬಿಟ್ಟು ಹಬೆ ತುಂಬಿಸಿದರೆ, ಫಳಫಳ ಹೊಳೆಯುವ ಕನ್ನಡಿಯಲ್ಲೂ ಬೆಳ್ಳಗೆ ಅಂಗೈಯೊಂದು ಎದ್ದು ಬರುತ್ತಿತ್ತು, ಬೆರಳು, ಬೆರಳಿನ ಗೆಣ್ಣು, ಎಂದೋ ಖಾಲಿ ಮಾಡಿ ಹೋದವರ ಕೈ, ಒಣಗಿದರೆ ಮಾಯ, ಹಬೆಯಾಡಿದರೆ ಮತ್ತೆ ಅಲ್ಲೇ. ಅದಕ್ಕೇ ವಿನೆಗರ್. ವಿನೆಗರ್ ಹಾಕಿದರೆ ಕನ್ನಡಿಯ ಕಲೆ ಹೋಗುತ್ತದೆ, ಮೈಗೆ ಹಾಕಿದರೆ ಕಲೆ ಬರುತ್ತದೆ, ಅದು ಗೊತ್ತಾದದ್ದು ಹತ್ತು ಹನ್ನೆರಡು ವರ್ಷದ ಹಿಂದೆ, ಆಗ ಬೇರೆ ಡಾಕ್ಟರು, ದಪ್ಪ ಕನ್ನಡಕದ ವಯಸ್ಸಾದಾಕೆ, ಆಗ ಅಂಗಾತ ಮಲಗಿದ್ದಳು, ಪರದೆ ತಲೆಯ ಪಕ್ಕದಲ್ಲೇ ಇತ್ತು, ನೋಡಿ ಬೇಕಾದ್ರೆ, ಇದು ನಿಮ್ಮ ಗರ್ಭಕೋಶದ ಬಾಯಿ, ಎಂದು ಆಕೆ ತೋರಿಸಿದಾಗ ಅಲ್ಲಿ ಗುಲಾಬಿ ಬಣ್ಣ ಬಿಟ್ಟರೆ ಏನೂ ಇರಲಿಲ್ಲ, ಒದ್ದೆ ಗುಲಾಬಿ, ಚೆನ್ನಾಗೇ ಇದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಆ ಗುಲಾಬಿಯ ಒಳಗಿನಿಂದ ನಿಧಾನವಾಗಿ, ಯಾರೋ ಆ ಕಡೆಯಿಂದ ಉಸಿರು ಬಿಟ್ಟ ಹಾಗೆ, ಬೆಳ್ಳಗೆ ಎದ್ದಿತು. ಕಣ್ಣು ಮುಚ್ಚಿಕೊಂಡಿದ್ದಳು. ಮುಚ್ಚಿದ ಕಣ್ಣಿನೊಳಗೂ ಅದು ಏಳುತ್ತಲೇ ಇತ್ತು.

ಇದು ಕ್ಯಾನ್ಸರ್ ಅಲ್ಲ, ಹೆದರಬೇಡಿ, ಕ್ಯಾನ್ಸರ್‌ಗೆ ಮುಂಚಿನದು ಅಂದಿದ್ದರು ಕನ್ನಡಕದ ಡಾಕ್ಟರು, ಎಚ್‌ಪಿವಿ ಅಂತ ಒಂದು ವೈರಸ್ಸು, ಬಹಳ ಜನಕ್ಕೆ ಬಂದು ತಾನಾಗೇ ಹೊರಟುಹೋಗುತ್ತೆ, ಕೆಲವರಲ್ಲಿ ಮಾತ್ರ ಉಳ್ಕೊಂಡುಬಿಡುತ್ತೆ, ಉಳ್ಕೊಂಡ ಕಡೆ ಹೀಗೆ ಮಾಡುತ್ತೆ. ಎಲ್ಲಿಂದ ಬಂತು ಎಂದು ಕೇಳಿದ್ದು ಗಂಡ, ಅವಳಲ್ಲ, ಗಂಡ ಲಿಫ್ಟ್ ರಿಪೇರಿ ಮಾಡುವವನು, ಹೋಟೆಲಿನ ಕೆಟ್ಟುನಿಂತ ಲಿಫ್ಟನ್ನು ಸರಿಮಾಡಲು ಬಂದವನೇ ಅವಳಿಗೆ ಸಿಕ್ಕಿದವನು, ಯಾವ ಫಾಲ್ಟಿಗೂ ಒಂದು ಮೂಲ ಇದ್ದೇ ಇರುತ್ತೆ ಎನ್ನುವುದು ಅವನ ಮಂತ್ರ, ವೈರು ಹಿಡ್ಕೊಂಡು ಹಿಂದೆ ಹಿಂದೆ ಹೋಗ್ತಿರು, ಸಿಕ್ಕೇ ಸಿಗುತ್ತೆ. ಸಾಮಾನ್ಯವಾಗಿ ಗಂಡಹೆಂಡಿರ ಸಂಬಂಧದಿಂದಲೇ ಬರೋದು, ಆದ್ರೆ ಯಾರಿಂದ ಯಾರಿಗೆ ಯಾವಾಗ ಅಂತ ಹೇಳಕ್ಕಾಗಲ್ಲ, ಇಪ್ಪತ್ತು ವರ್ಷ ಸುಮ್ಮನೆ ಮಲಗಿದ್ದು ಏಳಬಹುದು, ಎಂದು ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದಾಗ ಗಂಡನ ಕೈ ತಾನಾಗಿ ಕತ್ತಿನ ಹತ್ತಿರ ಹೋಯಿತು, ಕಾಲರು ಸರಿಮಾಡಿಕೊಂಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎಂದು ಅವಳಿಗೆ ಅಲ್ಲೇ ಅನ್ನಿಸಿತ್ತು, ಅನ್ನಿಸಿದ್ದಕ್ಕೆ ಅಲ್ಲೇ ಪಾಪಪ್ರಜ್ಞೆಯೂ ಆಗಿತ್ತು, ಯಾಕೆಂದರೆ ಅವನ ಹಿಂದೆ ಇದ್ದದ್ದು ಕಳ್ಳತನವಲ್ಲ, ಮೊದಲಿನವಳು. ಮೊದಲ ಹೆಂಡತಿ. ಇವಳು ಬರುವ ಮುಂಚೆ ಸತ್ತವಳು, ಹೊಟ್ಟೆನೋವಿನಲ್ಲಿ ಹೋದಳು ಎಂದಷ್ಟೇ ಹೇಳಿ ಎಲ್ಲರೂ ಮಾತು ತೇಲಿಸುತ್ತಿದ್ದವಳು, ಮನೆಯಲ್ಲಿ ಒಂದು ಫೋಟೋ, ಅದೂ ಅಡುಗೆಮನೆಯಿಂದ ಹಜಾರಕ್ಕೆ ಬರುವ ತಿರುವಿನಲ್ಲಿ, ಬೆಳಕು ಬೀಳದ ಕಡೆ, ಅದರ ಗಾಜನ್ನೂ ಇವಳೇ ಒರೆಸುತ್ತಾಳೆ, ಮೇಲಿನಿಂದ ಕೆಳಕ್ಕೆ. ಮನೆಗೆ ಬಂದು ಮಂಚದ ತುದಿಯಲ್ಲಿ ಕೂತು ಗಂಡ ಕೇಳಲಿಲ್ಲ, ಇವಳೂ ಕೇಳಲಿಲ್ಲ, ನದೀಮೂಲ ಋಷಿಮೂಲ ಹುಡುಕಬಾರದು ಎಂದು ಅವಳು ಗಾಳಿಗೆ ಹೇಳಿದಳು, ಅವನು ನಗಲು ನೋಡಿದ, ಆಗಲಿಲ್ಲ. ಆ ಜಾಗ ಕತ್ತರಿಸಿ ತೆಗೆದರು, ಒಂದೆರಡು ವರ್ಷಕ್ಕೆ ಮತ್ತೆ ಕಾಣಿಸಿತು, ಆಗ ಗರ್ಭಕೋಶವನ್ನೇ ತೆಗೆದರು, ಮನೆಯೇ ಇಲ್ಲದ ಮೇಲೆ ಬಾಡಿಗೆದಾರ ಎಲ್ಲಿರುತ್ತಾನೆ ಎಂದು ಅವಳು ತನ್ನಷ್ಟಕ್ಕೆ ಸಮಾಧಾನ ಮಾಡಿಕೊಂಡಳು, ವರ್ಷಕ್ಕೊಮ್ಮೆ ಬನ್ನಿ ಅಂದಿದ್ದರು, ಎರಡು ಸಲ ಹೋದಳು, ಬಿಟ್ಟಳು.

ಈಗ ಹತ್ತಿಯಿರುವ ಕಡೆ ಚುರುಗುಟ್ಟುತ್ತಿದೆ, ಉರಿಯಲ್ಲ, ನೆನಪಾದ ಹಾಗೆ. ಸಿಸ್ಟರ್ ಏನೋ ಲೋಹದ್ದನ್ನು ಟ್ರೇಯಲ್ಲಿಟ್ಟ ಸದ್ದು. ಕಾಗದದ ಹಾಸು ತೊಡೆಯ ಕೆಳಗೆ ಬೆಚ್ಚಗಾಗಿದೆ, ಎದ್ದುಹೋದ ಮೇಲೆ ಇಲ್ಲಿ ಅವಳ ಆಕಾರ ಉಳಿಯುತ್ತದೆ, ಸೊಂಟದ ಹತ್ತಿರ ಗುಳಿ, ಭುಜದ ಹತ್ತಿರ ಇನ್ನೊಂದು, ಸಿಸ್ಟರ್ ಸರಕ್ಕನೆ ಎಳೆದು ಬುಟ್ಟಿಗೆ ಹಾಕಿ ಹೊಸ ಹಾಸು ಬಿಡುತ್ತಾಳೆ, ಮುಂದಿನವಳು ಬರುತ್ತಾಳೆ — ಆ ಗುಳಿ, ಆ ಗುಳಿಯನ್ನು ಅವಳು ಮೊದಲು ಕಂಡದ್ದು ಆರನೇ ಮಹಡಿಯ ಕೊನೇ ರೂಮಿನಲ್ಲಿ, ಚಾವಣಿಯಿಂದ ನೀರು ಒಸರುತ್ತದೆ ಎಂದು ಬೀಗ ಹಾಕಿಟ್ಟ ರೂಮು, ಯಾರಿಗೂ ಕೊಡುವುದಿಲ್ಲ, ಆದರೂ ಧೂಳು ಕೂರಬಾರದೆಂದು ದಿನಾ ಒಮ್ಮೆ ಹೋಗಿ ನೋಡುತ್ತಿದ್ದಳು, ಗರ್ಭಕೋಶ ತೆಗೆದು ಕೆಲಸಕ್ಕೆ ಮರಳಿದ ಹೊಸತು. ಎಳೆದು ಬಿಗಿಯಾಗಿ ಹಾಸಿದ ಹಾಸಿಗೆಯ ಮೇಲೆ ಯಾರೋ ಎಡ ಮಗ್ಗುಲಾಗಿ, ಮೊಣಕಾಲು ಮಡಚಿ, ಗೋಡೆಯ ಕಡೆ ಮುಖ ಮಾಡಿ ಮಲಗಿ ಎದ್ದ ಗುಳಿ. ಹುಡುಗಿಯರ ಕೆಲಸ ಎಂದುಕೊಂಡು ಗದರಿದಳು, ಅಯ್ಯೋ ಅಕ್ಕಾ, ಆ ರೂಮಿನ ಕೀ ಇರೋದು ನಿಮ್ಮ ಸೊಂಟದಲ್ಲೇ ಅಲ್ವಾ ಎಂದರು. ಸರಿಮಾಡಿ ಬಂದಳು, ಮರುದಿನ ಮತ್ತೆ ಗುಳಿ, ಕೈಯಿಟ್ಟರೆ ಬೆಚ್ಚಗೆ, ಅದೇ ಅವಳನ್ನು ಹೆದರಿಸಿದ್ದು, ಹಾಸಿಗೆಗೆ ಮೈಯ ಬಿಸಿ ಇತ್ತು, ದಿಂಬು ಒದ್ದೆಯಾಗಿತ್ತು. ಕೊನೆಗೆ ಮ್ಯಾನೇಜರಿಗೆ ಹೇಳಿದಳು, ಯಾರೋ ಬಂದು ಮಲಗ್ತಾರೆ ಸಾರ್. ಅವನು ತನ್ನ ಕೋಣೆಯಲ್ಲಿ ಕೂರಿಸಿ ಕಾರಿಡಾರಿನ ಕ್ಯಾಮೆರಾ ಓಡಿಸಿ ತೋರಿಸಿದ, ಒಂದು ದಿನದ್ದು, ಅದರ ಹಿಂದಿನ ದಿನದ್ದು, ಖಾಲಿ ಕಾರಿಡಾರು, ಆಮೇಲೆ ತಾನು, ಸೊಂಟದಿಂದ ಕೀ ತೆಗೆದು ಒಳಗೆ ಹೋಗುವ ತಾನು, ಬಾಗಿಲು ಮುಚ್ಚುತ್ತದೆ, ಒಂದು ನಿಮಿಷದಲ್ಲಿ ಹೊರಗೆ ಬರಬೇಕು, ಬರುವುದಿಲ್ಲ, ಮ್ಯಾನೇಜರು ಬೇಗ ಬೇಗ ಓಡಿಸುತ್ತಾನೆ, ಕಾರಿಡಾರಿನ ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ, ಟ್ರಾಲಿ ಹೋಗುತ್ತದೆ ಬರುತ್ತದೆ, ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆಗೆದು ತಾನು ಹೊರಗೆ ಬರುತ್ತಾಳೆ, ಸೆರಗು ಸರಿಮಾಡಿಕೊಂಡು, ಏನೂ ಆಗದವಳ ಹಾಗೆ. ಒಳಗೆ ಹೋದೋರು ನೀವೊಬ್ರೇ ಅಮ್ಮಾ, ಎಂದ ಮ್ಯಾನೇಜರು, ಬೈಯಲಿಲ್ಲ, ಸುಸ್ತಿದ್ರೆ ರಜ ತಗೊಳ್ಳಿ. ಅವಳಿಗೆ ಮಲಗಿದ್ದು ನೆನಪಿರಲಿಲ್ಲ, ಇವತ್ತಿಗೂ ಇಲ್ಲ. ರೂಮು ಸರಿಯಾಗಿದೆಯೇ ಎಂದು ನೋಡಿ ಬಾಗಿಲು ಹಾಕಿದ್ದಷ್ಟೇ ನೆನಪು. ಹಾಗಾದರೆ ಅಷ್ಟು ಹೊತ್ತು ಅಲ್ಲಿ ಅತ್ತವಳು ಯಾರು ಎಂದು ಅವಳು ಯಾರನ್ನೂ ಕೇಳಲಿಲ್ಲ.

ಮೂಲ, ಎಂದಳು ಈ ಡಾಕ್ಟರಮ್ಮ, ಇದೇ ಹುಡುಗಿ, ಬೇಸಿಗೆಯ ಶುರುವಿನಲ್ಲಿ. ಕೂತಾಗ ತುರಿಕೆ, ಒರೆಸಿಕೊಂಡರೆ ಒಂದು ಚೂರು ಕೆಂಪು, ತಿಂಗಳುಗಟ್ಟಲೆ ಸಹಿಸಿ ಕೊನೆಗೆ ತೋರಿಸಲು ಬಂದಿದ್ದಳು, ಡಾಕ್ಟರಮ್ಮ ಕೈಗವಸು ಹಾಕಿ ಬೆರಳಲ್ಲಿ ನೋಡಿ, ಹಳೆಯ ಆಪರೇಷನ್ನಿನ ವಿಷಯವನ್ನೆಲ್ಲ ಕೇಳಿ, ಇದರ ಮೂಲ ಹಳೇದು ಅಮ್ಮ, ಹಾಗೇ ಬಿಡೋ ಹಾಗಿಲ್ಲ, ಕ್ಯಾಮೆರಾ ಹಾಕಿ ನೋಡಬೇಕು, ಬನ್ನಿ ಎಂದಳು. ಹಳೇ ಮೂಲ. ಅವಳ ಕಿವಿಗೆ ಬಿದ್ದದ್ದು ಅಷ್ಟೇ. ಮೂಲವ್ಯಾಧಿ, ಅಷ್ಟೇನಾ, ಇಡೀ ದಿನ ನಿಂತು ಕೆಲಸ ಮಾಡುವ ಯಾವ ಹೆಂಗಸಿಗಿಲ್ಲ ಅದು, ಹಗ್ಗವನ್ನು ಹಾವು ಎಂದುಕೊಂಡು ಹೆದರಿದ್ದೆನಲ್ಲ ಎಂದು ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನಗು ಬಂದಿತ್ತು, ಕ್ಯಾಮೆರಾ ಹಾಕಿಸಿಕೊಳ್ಳಲು ಬರಲೇ ಇಲ್ಲ, ಮೂಲಕ್ಕೆ ಯಾರಾದರೂ ಕ್ಯಾಮೆರಾ ಹಾಕಿಸಿಕೊಳ್ಳುತ್ತಾರೆಯೇ, ಅತಿಯಾಯ್ತು. ಗಂಡನಿಗೂ ಹೇಳಿದಳು, ಮೂಲ ಅಂತ್ರೀ, ಹಳೇದಂತೆ, ಅವನೂ ಹಗುರಾದ, ಎಷ್ಟೋ ವರ್ಷದ ಮೇಲೆ ಅವತ್ತು ಇಬ್ಬರೂ ಒಂದೇ ಹೊದಿಕೆಯೊಳಗೆ ಮಲಗಿದರು. ಡಾಕ್ಟರಮ್ಮ ಹೇಳಿದ್ದು ಬೇರು, ಇವಳು ಕೇಳಿಸಿಕೊಂಡದ್ದು ಗಂಟು, ಎರಡಕ್ಕೂ ನಮ್ಮ ಮಾತಿನಲ್ಲಿ ಒಂದೇ ಹೆಸರು, ಹೆಸರಿಟ್ಟವರು ಯಾರೋ ಏನೋ, ಇವಳ ಒಂದು ಬೇಸಿಗೆ ಒಂದು ಮಳೆಗಾಲ ಆ ಹೆಸರಿನೊಳಗೆ ಹೋಯಿತು. ನೆನೆದರೆ ಈಗ ಸಿಟ್ಟು ಬರುತ್ತದೆ, ಡಾಕ್ಟರಮ್ಮನ ಮೇಲಲ್ಲ, ನಗುತ್ತ ಮೆಟ್ಟಿಲಿಳಿದ ಆ ಹೆಂಗಸಿನ ಮೇಲೆ.

ಮುಲಾಮು ತಂದುಕೊಟ್ಟವಳು ನಾದಿನಿ, ಗಂಡನ ತಂಗಿ, ಪಕ್ಕದ ಬೀದಿಯಲ್ಲೇ ಇರುವವಳು, ಬಾಯಿ ಸ್ವಲ್ಪ ಜೋರು, ಮನಸ್ಸು ಒಳ್ಳೆಯದು, ಮೂಲಕ್ಕೆ ಇದೊಂದೇ ಮದ್ದು ನೋಡಿ ಅತ್ತಿಗೆ, ಹಚ್ಕೊಂಡು ಸುಮ್ಮನಿರಿ, ನಾಚಿಕೆ ಜಾಗ, ಊರಿಗೆಲ್ಲ ತೋರಿಸ್ಕೊಂಡು ಯಾಕೆ. ಹಚ್ಚಿಕೊಂಡಳು, ತಂಪಾಗುತ್ತಿತ್ತು, ಟ್ಯೂಬು ಮುಗಿದರೆ ಇನ್ನೊಂದು. ಹೋದ ವಾರ ಅಡುಗೆಮನೆಯಲ್ಲಿ ನಿಂತು, ಕೂರಲು ಆಗದೆ ನಿಂತೇ ಚಹಾ ಕುಡಿಯುತ್ತಿದ್ದವಳನ್ನು ನೋಡಿ ನಾದಿನಿ ಯಾವುದೋ ಯೋಚನೆಯಲ್ಲಿ ಅಂದಳು, ಅತ್ತಿಗೆ, ಅತ್ತಿಗೆಗೂ ಹೀಗೇ ಆಗಿತ್ತು. ಯಾವ ಅತ್ತಿಗೆಗೆ ಎಂದು ಇವಳು ಕೇಳಿದಳು, ಕೇಳಿದ ಮೇಲೆ ಗೊತ್ತಾಯಿತು, ಆ ಮನೆಯಲ್ಲಿ ಆ ಹೆಸರಿನಿಂದ ಕರೆಸಿಕೊಂಡವರು ಇಬ್ಬರೇ. ಮೊದಲಿನ ಅತ್ತಿಗೆಗೆ, ಎಂದಳು ನಾದಿನಿ, ದನಿ ಇಳಿಸಿ, ಫೋಟೋ ಇದ್ದ ಕಡೆ ನೋಡದೆ, ನಿಮಗೆ ಹೇಳ್ಬೇಡ ಅಂದಿದ್ರು, ಹೊಟ್ಟೆನೋವಲ್ಲ ಅದು, ಕೆಳಗಡೆ ರಕ್ತ ಹೋಗ್ತಿತ್ತು, ಮೂಲ ಅಂತಲೇ ಅಂದ್ಕೊಂಡ್ವಿ ಎಲ್ರೂ, ಇದೇ ಮುಲಾಮು, ತೋರಿಸ್ಕೊಳಮ್ಮಾ ಅಂದ್ರೆ ಸತ್ರೂ ತೋರಿಸಲ್ಲ ಅನ್ನೋಳು, ಹಾಗೇ ಆಯ್ತು, ಕೊನೆಗೆ ಕೂರಕ್ಕಾಗ್ತಿರಲಿಲ್ಲ, ಅಂಗಾತ ಮಲಗಕ್ಕಾಗ್ತಿರಲಿಲ್ಲ, ಎಡ ಮಗ್ಗುಲಲ್ಲೇ, ಮೊಣಕಾಲು ಮಡಚ್ಕೊಂಡು, ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿರೋಳು, ದಿನಗಟ್ಲೆ, ಹಾಸಿಗೆಯಲ್ಲಿ ಅವಳ ಗುಳಿ ಬಿದ್ದುಹೋಗಿತ್ತು, ಪಾಪ. ಇವಳ ಕೈಯಲ್ಲಿದ್ದ ಲೋಟ ಬೀಳಲಿಲ್ಲ, ಅಂಥದ್ದೇನೂ ಆಗಲಿಲ್ಲ, ಚಹಾ ಪೂರ್ತಿ ಕುಡಿದು ಲೋಟ ತೊಳೆದಿಟ್ಟು, ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಡಾಕ್ಟರಮ್ಮನಿಗೆ ಫೋನು ಮಾಡಿದಳು. ಹೆದರಿದ್ದಳು, ನೀವು ಮೂಲ ಅಂದ್ರಲ್ಲ ಎಂದು ಶುರುಮಾಡಿದಳು, ಅಯ್ಯೋ ಅಮ್ಮಾ, ಎಂದಳು ಡಾಕ್ಟರಮ್ಮ, ಅಯ್ಯೋ, ನಾನು ಹೇಳಿದ್ದು ಅದಲ್ಲ.

ಫೋನಿನಲ್ಲೇ ಬಿಡಿಸಿ ಹೇಳಿದಳು, ಗರ್ಭಕೋಶದ ಬಾಯಲ್ಲಿ ಒಂದ್ಸಲ ಅದು ಕಾಣಿಸಿದ ಹೆಂಗಸರಿಗೆ ಆಮೇಲೆ ಅಕ್ಕಪಕ್ಕದಲ್ಲಿ, ಹೊರಗಡೆ, ಹಿಂದಿನ ದಾರೀಲಿ ಕಾಣಿಸ್ಕೊಳೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಒಂದೇ ವೈರಸ್ಸು, ಅಲ್ಲಿ ತೆಗೆದ್ವಿ ಅಂತ ಇಲ್ಲಿಂದ ಹೋಗಿರಲ್ಲ, ಎಲ್ಲರಿಗೂ ಆಗಲ್ಲ, ಆದ್ರೆ ನೋಡ್ತಾ ಇರಬೇಕು. ಮೊದಲಿನವಳ ವಿಷಯ ಹೇಳಿದಾಗ, ಅವರಿಂದಲೇ ಅಂತ ಯಾರೂ ಹೇಳಕ್ಕಾಗಲ್ಲ ಅಮ್ಮ, ಅವರಿಗೆ ಏನಾಗಿತ್ತು ಅಂತಲೂ ಗೊತ್ತಿಲ್ವಲ್ಲ, ಅದನ್ನೆಲ್ಲ ತಲೆಗೆ ಹಚ್ಕೊಬೇಡಿ, ಎಂದಳು. ಹಚ್ಚಿಕೊಳ್ಳಬೇಡಿ ಎಂದರೆ, ಹಚ್ಚಿಕೊಳ್ಳದೆ ಇರಲು ಅದೇನು ಮುಲಾಮೇ. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಗಂಡ ಕಿಟಕಿಯ ಕಡೆ ನೋಡುತ್ತಲೇ ಕೇಳಿದ, ತಂಗಿ ಎಲ್ಲ ಹೇಳಿದ್ದಾಳೆ ಎಂದು ಅವನಿಗೂ ಗೊತ್ತಾಗಿತ್ತು, ಇದರ ಮೂಲ ನಾನೇನಾ ಎಂದ, ಅಷ್ಟು ಮೆಲ್ಲಗೆ, ಮುಂದಿನ ಸೀಟಿನವಳಿಗೂ ಕೇಳಿಸಲಿಲ್ಲ. ಅವನ ಮೇಲೆ ಸಿಟ್ಟು ಬರುತ್ತದೆ ಎಂದು ಕಾದಳು, ಬರಲಿಲ್ಲ, ಬಂದದ್ದು ಕನಿಕರ, ಇಬ್ಬರು ಹೆಂಗಸರ ನಡುವೆ ಹಾದುಬಂದ ದಾರಿ ಈ ಮನುಷ್ಯ, ತನ್ನೊಳಗಿಂದ ಏನು ಹಾದುಹೋಯಿತೆಂದು ದಾರಿಗೆ ಗೊತ್ತಿರುತ್ತದೆಯೇ. ನಿಮಗೆ ಗೊತ್ತಿರಲಿಲ್ವಲ್ಲ ಎಂದಳು. ಅವಳು ತೋರಿಸ್ಕೊಳಲ್ಲ ಅಂದಾಗ ನಾನೂ ಸುಮ್ಮನಾದೆ, ಅದು ಗೊತ್ತಿತ್ತು, ಎಂದ. ಈಗ ಹೊರಗಿನ ಬೆಂಚಿನ ಮೇಲೆ ಸ್ಪ್ಯಾನರುಗಳ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾನೆ, ಒಳಗಿಂದ ಯಾರು ಬಂದರೂ ಎದ್ದು ನಿಲ್ಲುತ್ತಾನೆ, ಮೊದಲಿನವಳ ಕಾಲಕ್ಕೆ ಯಾರಿಗೂ ಎದ್ದು ನಿಲ್ಲಬೇಕಾಗಿ ಬಂದಿರಲಿಲ್ಲ, ಅವಳು ಆಸ್ಪತ್ರೆಗೇ ಬರಲಿಲ್ಲ, ಗೋಡೆಗೆ ಮುಖ ಮಾಡಿಕೊಂಡು ಮಲಗಿಬಿಟ್ಟಳು. ಈ ಮಗ್ಗುಲು ಅವಳದು. ಈ ಮೊಣಕಾಲು. ಆರನೇ ಮಹಡಿಯ ರೂಮಿನಲ್ಲಿ ತನಗೆ ಗೊತ್ತಿಲ್ಲದೆ ತನ್ನ ಮೈ ಯಾಕೆ ಅದೇ ಮಗ್ಗುಲು ಹುಡುಕಿತು, ಆಗಿನ್ನೂ ಯಾರೂ ಹೇಳಿರಲಿಲ್ಲ, ಆಗಿನ್ನೂ ಅಲ್ಲಿ ಏನೂ ನೋಯುತ್ತಿರಲಿಲ್ಲ, ಮೈಗೆ ಹೇಳಿದವರು ಯಾರು. ಬೆನ್ನಿನ ಮೇಲೆ ರೋಮ ನಿಂತಿತು, ಚಳಿಯಾಗ್ತಿದ್ಯಾ ಎಂದು ಸಿಸ್ಟರ್ ಹೊದಿಕೆ ಎಳೆದಳು, ಇಲ್ಲ ಎಂದಳು.

ಆಯ್ತು, ಈಗ ಹತ್ತಿ ತೆಗೀತೀನಿ, ಎಂದಳು ಡಾಕ್ಟರಮ್ಮ. ತಣ್ಣನೆಯದೇನೋ ಒಳಗೆ ಬಂತು, ಉಸಿರು ಬಿಡಿ, ಬಾಯಿಂದ, ಹಾಂ. ಮೊದಲೇ ಹೇಳಿದ್ದಾಳೆ, ಬೆಳ್ಳಗಾದದ್ದೆಲ್ಲ ಕೆಟ್ಟದ್ದಲ್ಲ, ಆದರೆ ಬೆಳ್ಳಗಾದ ಜಾಗಕ್ಕೆ ಅಂಚು ಇದ್ದು, ಮೇಲ್ಮಟ್ಟದಲ್ಲೇ ಇದ್ದರೆ ಅದಿನ್ನೂ ಕ್ಯಾನ್ಸರ್‌ಗೆ ಮುಂಚಿನದು, ಚೂರು ತೆಗೆದು ಪರೀಕ್ಷೆಗೆ ಕಳಿಸಿ ಆಮೇಲೆ ಸುಟ್ಟುಬಿಡಬಹುದು, ಹಳ್ಳ ಬಿದ್ದಿದ್ದರೆ, ಗಟ್ಟಿಯಾಗಿದ್ದರೆ, ಅದು ಬೇರೆ ದಾರಿ, ದೊಡ್ಡ ದಾರಿ. ಅಂಚು, ಅವಳಿಗೆ ಬೇಕಾದದ್ದು ಇಷ್ಟೇ ಈಗ, ಒಂದು ಅಂಚು, ಕಳೆದುಕೊಂಡ ಬೇಸಿಗೆಯ, ಮಳೆಗಾಲದ ಲೆಕ್ಕವನ್ನು ಯಾರೂ ತನ್ನಿಂದ ಕೇಳದೆ ಬಿಟ್ಟುಬಿಡಲಿ ಎಂದು ಅವಳು ಗಾಜನ್ನು ನೋಡುತ್ತ ಬೇಡಿಕೊಂಡಳು, ಯಾರಲ್ಲಿ ಬೇಡಿಕೊಳ್ಳುತ್ತಿದ್ದೇನೆ ಎಂದು ಗೊತ್ತಿರಲಿಲ್ಲ, ತಿರುವಿನಲ್ಲಿರುವ ಫೋಟೋ ಕಣ್ಣಿಗೆ ಬಂತು, ಅವಳಲ್ಲೇ ಇರಬೇಕು. ಗಾಜಿನ ಆಳದಲ್ಲಿ ಬೂದಿ ಬಣ್ಣ ಹೋಗಿ ಗುಲಾಬಿ ಬಂತು, ಒದ್ದೆ, ಹೊಳೆಯುವ ಗುಲಾಬಿ, ಬೇರೆ ಯಾರದೋ ಅನ್ನುವಷ್ಟು ಚೆಂದ, ಅದರೊಳಗೆ ಆಗಲೇ ಎದ್ದು ನಿಂತಿತ್ತು, ಬೆಳ್ಳಗೆ, ಹೆಬ್ಬೆರಳ ಉಗುರಿನಷ್ಟು. ಇಲ್ಲಿದೆ, ಎಂದಳು ಡಾಕ್ಟರಮ್ಮ, ಅವಳಿಗಲ್ಲ, ಸಿಸ್ಟರಿಗೆ. ಕಣ್ಣು ಮುಚ್ಚಲು ಹೊರಟಿತು, ಅವಳು ಮುಚ್ಚಗೊಡಲಿಲ್ಲ, ಗೆರೆಗಳ ನಡುವಿನಿಂದ, ಓರೆಯಾಗಿ, ಆ ಬಿಳಿಯ ಸುತ್ತ ಹೋದಳು, ಈ ಕಡೆ ಅಂಚಿದೆ, ಮೇಲೆ ಇದೆ, ಆ ಕಡೆಯೂ ಇದೆ, ಕೆಳಗೆ, ಕೆಳಗೆ ಮಡಿಕೆಯ ನೆರಳು, ಉಪಕರಣ ಒಂದು ಚೂರು ತಿರುಗಿತು, ಮಡಿಕೆ ಬಿಚ್ಚಿತು, ಇದೆ, ಕೆಳಗೂ ಇದೆ. ಗಟ್ಟಿ ಇಲ್ಲ, ಹಳ್ಳ ಇಲ್ಲ, ಅಂಚು ಪೂರ್ತಿ ಕಾಣ್ತಿದೆ, ನೋಡೋಕೆ ಇನ್ನೂ ಮುಂಚಿನದೇ ಇದ್ದ ಹಾಗಿದೆ ಅಮ್ಮ, ಪರೀಕ್ಷೆಯ ರಿಪೋರ್ಟ್ ಬರಲಿ, ಆದ್ರೂ ಸರಿಯಾದ ಹೊತ್ತಿಗೆ ಬಂದ್ರಿ, ಎಂದಳು ಡಾಕ್ಟರಮ್ಮ. ಬಂದೆ, ಎಂದುಕೊಂಡಳು, ಬಂದೆ, ಅವಳು ಬರಲಿಲ್ಲ ನಾನು ಬಂದೆ, ಕಣ್ಣೀರು ಮೂಗು ದಾಟಿ ಎಡಗಣ್ಣಿಗೆ ಇಳಿದು ಕಾಗದಕ್ಕೆ ಹೋಯಿತು, ಎದೆ ಹಗುರಾಯಿತು, ಹೊರಗೆ ಹೋಗಿ ಗಂಡನಿಗೆ ಹೇಳಬೇಕು, ಏಳಬೇಡಿ ಕೂತ್ಕೊಳ್ಳಿ, ಮುಂಚಿನದೇ ಅಂತೆ ಎಂದು, ಆ ಮಾತನ್ನು ಹೇಗೆ ಹೇಳುವುದೆಂದು ಬಾಯೊಳಗೆ ಜೋಡಿಸುತ್ತಿದ್ದಳು. ಇರಿ ಅಮ್ಮ, ಇನ್ನು ಸುತ್ತಲೂ ಒಂದ್ಸಲ ನೋಡಿಬಿಡ್ತೀನಿ, ಅಲ್ಲಾಡ್ಬೇಡಿ, ಎಂದಿತು ದನಿ, ಉಪಕರಣ ತಿರುಗಿತು, ಗಾಜಿನಲ್ಲಿ ಗುಲಾಬಿ ಸರಿಯಿತು, ಗುಲಾಬಿ, ಗುಲಾಬಿ, ಹೊಳೆಯುವ ಖಾಲಿ ಗುಲಾಬಿ, ಡಾಕ್ಟರಮ್ಮ ಏನೋ ಹೇಳುತ್ತಿದ್ದವಳು ನಡುವೆ ನಿಲ್ಲಿಸಿದಳು, ಸಿಸ್ಟರಿನ ಕೈ ಅವಳ ಸೊಂಟದ ಮೇಲೆ ಹಾಗೇ ನಿಂತಿತು, ಕೆಳಗೆ, ಮೂಲೆಯಲ್ಲಿ, ಈಗಷ್ಟೇ ಏನೂ ಇಲ್ಲದಿದ್ದ ಕಡೆ, ಗುಲಾಬಿಯ ಒಳಗಿನಿಂದ, ನಿಧಾನವಾಗಿ, ಬೆಳ್ಳಗೆ